ದ್ವೀಪಕ್ಕೊಂದು ದೀಪ: ದಾನ ಎಲ್ಲಿಗೆ ಮುಗಿಯುತ್ತದೆ?

ಕರ್ನಾಟಕದ ಬಸದಿಗಳ ದಾನಶಾಸನಗಳನ್ನು ಓದುವವರಿಗೆ ‘ನಂದಾದೀವಿಗೆ’ ಎಂಬ ಶಬ್ದ ಅಪರಿಚಿತವಲ್ಲ. ನಂದದೆ, ಎಂದರೆ ಆರದೆ, ಉರಿಯಬೇಕಾದ ದೀಪವದು. ಅದಕ್ಕಾಗಿ ದತ್ತಿ ಬಿಟ್ಟವರಲ್ಲಿ ಅರಸರಿದ್ದರು, ದಂಡನಾಯಕರಿದ್ದರು, ಸೆಟ್ಟಿಗಳಿದ್ದರು, ವರ್ತಕರ ಸಂಘಗಳೂ ಇದ್ದವು. ಇಲ್ಲಿ ವಿಚಾರಿಸಬೇಕಾದ ಸಂಗತಿಯೆಂದರೆ, ಅವರು ಕೊಟ್ಟದ್ದು ಬಹುಮಟ್ಟಿಗೆ ದೀಪವನ್ನಲ್ಲ, ಎಣ್ಣೆಯನ್ನು. ಒಬ್ಬನು ಗದ್ದೆ ಬಿಟ್ಟನು. ಅದರ ಹುಟ್ಟುವಳಿಯಿಂದ ಎಣ್ಣೆ ಬರಬೇಕು. ಇನ್ನೊಬ್ಬನು ಊರಿನ ಗಾಣದ ಎಣ್ಣೆಯಲ್ಲಿ ದೇವರಿಗೆ ಇಷ್ಟು ಪಾಲೆಂದು ಗೊತ್ತುಮಾಡಿದನು. ಮತ್ತೊಬ್ಬನು ಹೊನ್ನನ್ನು ಮೂಲಧನವಾಗಿ ಇರಿಸಿ, ಬಡ್ಡಿಯಿಂದ ದೀಪ ನಡೆಯಲಿ ಎಂದನು. ಅಂತಹ ಶಾಸನಗಳಲ್ಲಿಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ, ಅಂದರೆ ಒಡೆದ ಬಿರಿದ ಭಾಗಗಳ ದುರಸ್ತಿಗೂ, ಪ್ರತ್ಯೇಕವಾಗಿ ಭೂಮಿ ಬಿಟ್ಟ ಉಲ್ಲೇಖ ಪದೇ ಪದೇ ಬರುತ್ತದೆ. ಕಟ್ಟಿದ ದಿನವೇ ಅದು ಒಡೆಯುವ ದಿನವನ್ನೂ ನೆನೆದವರು ಅವರು. ದೀಪದ ಕಂಬವನ್ನು ನಿಲ್ಲಿಸಿ, ಹೆಸರು ಕೆತ್ತಿಸಿ, ಹಿಂದಿರುಗಿ ನೋಡದೆ ನಡೆದುಬಿಡುವುದನ್ನು ಅವರು ದಾನವೆಂದು ತಿಳಿಯಲಿಲ್ಲ.

ಈ ಹಳೆಯ ವಿವೇಕವನ್ನು ಇಂದು ನೆನೆಯಲು ಒಂದು ಹೊಸ ಕಾರಣವುಂಟು. ಸೂರ್ಯನ ಶಕ್ತಿಯಿಂದ ವಿದ್ಯುತ್ತನ್ನು ಪಡೆದು, ತಂತಿಯೂ ರಸ್ತೆಯೂ ತಲುಪದ ದೂರದ ಜನವಸತಿಗಳಿಗೆ ಬೆಳಕು ಕೊಡುವುದು ಇತ್ತೀಚಿನ ದಶಕಗಳಲ್ಲಿ ದಾನದ ಒಂದು ಪ್ರಮುಖ ರೂಪವಾಗಿದೆ. ಸರ್ಕಾರಗಳು ಸರ್ಕಾರಗಳಿಗೆ ಕೊಡುತ್ತವೆ. ಧರ್ಮಸಂಸ್ಥೆಗಳೂ ಟ್ರಸ್ಟುಗಳೂ ಶಾಲೆಗಳಿಗೆ, ಗುಡ್ಡದ ಹಾಡಿಗಳಿಗೆ ಕೊಡುತ್ತವೆ. ಈ ದಾನದ ಗುಣದೋಷಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಉಷ್ಣವಲಯದ ಸಣ್ಣ ದ್ವೀಪಗಳಲ್ಲಿ. ಅಲ್ಲಿ ಕೆಟ್ಟ ವಸ್ತುವನ್ನು ಪಕ್ಕದ ಪೇಟೆಗೆ ಒಯ್ದು ದುರಸ್ತಿ ಮಾಡಿಸಲಾಗದು. ಬೇಡವಾದ ವಸ್ತುವನ್ನು ಊರಾಚೆ ಎಸೆಯಲು ಊರಾಚೆ ಎಂಬುದೇ ಇಲ್ಲ.

ಕನ್ನಡನಾಡಿಗೆ ಹತ್ತಿರವಾದ ಅಂತಹ ದ್ವೀಪಗಳೆಂದರೆ ಲಕ್ಷದ್ವೀಪ. ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿಟ್ರಾ ಎಂಬ ಐದು ದ್ವೀಪಗಳು 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹಾಗೆಯೇ ಇದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಮಂಗಳೂರಿನ ಹಳೆಯ ಬಂದರಿನ ವರ್ತಕರಿಗೆ ಅವರು ಪರಕೀಯರಾಗಿರಲಿಲ್ಲ.

ಆ ದ್ವೀಪಗಳು ಹವಳದ ದಿಬ್ಬಗಳ ಮೇಲೆ ನಿಂತ ತಗ್ಗಿನ ನೆಲ. ಎಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರು. ಜನವಸತಿ ಇರುವವು ಹತ್ತು. 2011ರ ಜನಗಣತಿಯಂತೆ ಜನಸಂಖ್ಯೆ 64,473. ಅಲ್ಲಿಗೆ ವಿದ್ಯುತ್ತು ಮೊದಲು ಬಂದದ್ದು 1962ರಲ್ಲಿ, ಮಿನಿಕಾಯ್ ದ್ವೀಪಕ್ಕೆ, ಡೀಸೆಲ್ ಯಂತ್ರದ ಮೂಲಕ. ಆ ಡೀಸೆಲನ್ನು ಕಲ್ಲಿಕೋಟೆಯ ಸಮೀಪದ ಬೇಪೂರಿನಿಂದ ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಸಾಗಿಸುವ ವ್ಯವಸ್ಥೆ ಬೆಳೆಯಿತು. ಮುಂಗಾರು ಹಿಡಿದರೆ ಕಡಲು ಕೆರಳುತ್ತದೆ; ಆದುದರಿಂದ ತಿಂಗಳುಗಟ್ಟಲೆಯ ಇಂಧನವನ್ನು ಮೊದಲೇ ತಂದು ಕೂಡಿಡಬೇಕು. ದೀಪ ಮಾತ್ರವಲ್ಲ, ಕುಡಿಯುವ ನೀರೂ ವಿದ್ಯುತ್ತನ್ನು ಆಶ್ರಯಿಸಿತು. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ, ದಿನಕ್ಕೆ ಒಂದು ಲಕ್ಷ ಲೀಟರು ಸಾಮರ್ಥ್ಯದ ಸ್ಥಾವರ ಆರಂಭವಾಯಿತು. ಅದು ಆ ಜನರ ಆರೋಗ್ಯಕ್ಕೆ ದೊಡ್ಡ ಉಪಕಾರ. ಆದರೆ ಅದರ ಪಂಪು ತಿರುಗಬೇಕಾದರೂ ಎಲ್ಲಿಯೋ ಎಣ್ಣೆ ಉರಿಯಬೇಕು. ಹೀಗಿರಲು, 2024ರ ಜನವರಿಯಲ್ಲಿ ಕವರತ್ತಿಯ ಬ್ಯಾಟರಿಸಹಿತ ಸೌರವಿದ್ಯುತ್ ಸ್ಥಾವರವು ಲೋಕಾರ್ಪಣೆಗೊಂಡದ್ದು ಸಂತೋಷದ ಸಂಗತಿಯೇ. ಬ್ಯಾಟರಿಯೊಡಗೂಡಿದ ಸೌರಸ್ಥಾವರವು ಲಕ್ಷದ್ವೀಪದಲ್ಲಿ ಅದೇ ಮೊದಲನೆಯದು.

ಅಹಿಂಸೆಯ ದೃಷ್ಟಿಯಿಂದ ಡೀಸೆಲ್ ಮತ್ತು ಸೌರಫಲಕಗಳನ್ನು ತೂಗಿದರೆ ಯಾವುದು ಮೇಲು ಎಂಬುದರಲ್ಲಿ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ. ಗೃಹಸ್ಥನ ಜೀವನದಲ್ಲಿ ಆರಂಭ ಪೂರ್ಣವಾಗಿ ತಪ್ಪದು. ಅಲ್ಪಾರಂಭವೇ ಅವನ ಧರ್ಮ. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಏಕೇಂದ್ರಿಯ ಜೀವಗಳನ್ನೂ ನಿಷ್ಪ್ರಯೋಜನವಾಗಿ ನೋಯಿಸಬಾರದೆಂಬ ಧರ್ಮವನ್ನು ನಂಬಿದವನಿಗೆ, ಹಗಲಿರುಳು ಉರಿಯುವ ಯಂತ್ರಕ್ಕಿಂತ ಬಿಸಿಲಿಗೆ ಮೈಯೊಡ್ಡಿ ಸುಮ್ಮನೆ ಮಲಗಿದ ಗಾಜಿನ ಫಲಕ ಪ್ರಿಯವಾಗುವುದು ಸಹಜ. ಸೋರಿದ ಎಣ್ಣೆ ಹವಳದ ಮೇಲೆ ಹರಡುವುದಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಆದರೆ ಫಲಕವನ್ನು ನಿರ್ದೋಷವೆಂದು ಹೊಗಳುವವರು ಗಣಿಯನ್ನೂ ಕುಲುಮೆಯನ್ನೂ ಮರೆತಿರುತ್ತಾರೆ. ಮರಳು ಸಿಲಿಕಾನ್ ಆಗುವುದು ಉಗ್ರವಾದ ಶಾಖದಲ್ಲಿ. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ, ಮುನಿಸಂಘಗಳಲ್ಲಿ ಬಹುಕಾಲದಿಂದ ನಡೆದ ಚರ್ಚೆ ಇಲ್ಲಿ ಅಗತ್ಯವಲ್ಲ. ಕತ್ತಲೆಯಲ್ಲಿ ಹೆರಿಗೆ ಮಾಡಿಸುವ ದಾದಿಗೆ ಬೆಳಕು ಬೇಕೆಂಬುದನ್ನು ಎರಡು ಪಕ್ಷದವರೂ ಅಲ್ಲಗಳೆಯಲಾರರು.

ಸೌರಶಕ್ತಿಯನ್ನು ಪೂರ್ಣವಾಗಿ ಆಶ್ರಯಿಸಲು ಹೊರಟ ದ್ವೀಪಸಮುದಾಯಕ್ಕೆ ಪ್ರಸಿದ್ಧವಾದ ನಿದರ್ಶನ ಪೆಸಿಫಿಕ್ ಸಾಗರದ ಟೊಕೆಲಾವ್. ನ್ಯೂಜಿಲೆಂಡಿಗೆ ಸೇರಿದ ಈ ಪ್ರದೇಶದಲ್ಲಿ ಇರುವುದು ಅಟಾಫು, ನುಕುನೊನು, ಫಕಾಒಫೊ ಎಂಬ ಮೂರೇ ಹವಳದ್ವೀಪಗಳು. ಜನ ಸುಮಾರು 1,500. ವಿಮಾನ ನಿಲ್ದಾಣವಿಲ್ಲ, ಸಮೋವಾದಿಂದ ಹಡಗಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ನೆಲವು ಸಮುದ್ರಮಟ್ಟದಿಂದ ನಾಲ್ಕೈದು ಮೀಟರುಗಳಿಗಿಂತ ಎತ್ತರಕ್ಕೆ ಏರುವುದೇ ಇಲ್ಲ. ದಿನವೂ ಡೀಸೆಲ್ ಸುಡುತ್ತಿದ್ದ ಆ ಜನ, ನ್ಯೂಜಿಲೆಂಡ್ ಸರ್ಕಾರದ ಹಣದ ನೆರವಿನಿಂದ 2012ರಲ್ಲಿ ಮೂರೂ ದ್ವೀಪಗಳಲ್ಲಿ ಒಟ್ಟು 4,032 ಸೌರಫಲಕಗಳನ್ನೂ 1,344 ಬ್ಯಾಟರಿಗಳನ್ನೂ ಸ್ಥಾಪಿಸಿಕೊಂಡರು. ಜಗತ್ತಿನ ಪತ್ರಿಕೆಗಳು ಇದನ್ನು ಕೊಂಡಾಡಿದವು. ಮುಂದಿನ ಕಥೆಯನ್ನು ಅಷ್ಟು ಪತ್ರಿಕೆಗಳು ಬರೆಯಲಿಲ್ಲ. ಬೆಳಕು ನಿಶ್ಚಿತವಾದ ಮೇಲೆ ಮನೆಗಳಲ್ಲಿ ಶೀತಪೆಟ್ಟಿಗೆ ಮೊದಲಾದ ಉಪಕರಣಗಳು ಹೆಚ್ಚಿದವು, ಬೇಡಿಕೆ ಬೆಳೆಯಿತು, ಡೀಸೆಲ್ ಯಂತ್ರಗಳು ಮತ್ತೆ ಒಂದು ಪಾಲನ್ನು ಹೊರಬೇಕಾಯಿತು, ಹತ್ತು ವರ್ಷ ತುಂಬುವ ಮೊದಲೇ ಹೊಸ ಫಲಕಗಳೂ ಹೊಸ ಬ್ಯಾಟರಿಗಳೂ ಬೇಕೆಂಬ ನಿರ್ಧಾರಕ್ಕೆ ಬರಬೇಕಾಯಿತು.

ಇಲ್ಲಿ ಜೈನ ಗೃಹಸ್ಥನ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುತ್ತದೆ. ಅದನ್ನು ಬಚ್ಚಿಡುವುದು ಸರಿಯಲ್ಲ. ಆ ಶೀತಪೆಟ್ಟಿಗೆಗಳಲ್ಲಿ ಇರುವುದು ಮೀನು. ಹವಳದ್ವೀಪದ ಜನರಿಗೆ ತೆಂಗಿನ ಹೊರತು ಬೆಳೆ ಅಲ್ಪ. ಅವರ ಬದುಕು ಕಡಲಿನಿಂದ. ಮಿನಿಕಾಯಿಯಲ್ಲಿಯೂ ಅಷ್ಟೇ, ಟೊಕೆಲಾವಿನಲ್ಲಿಯೂ ಅಷ್ಟೇ. ಹಾಗಾದರೆ, ಮೀನು ಹಿಡಿಯುವವರ ಮನೆಗೆ ವಿದ್ಯುತ್ತನ್ನು ಕೊಡುವ ಶ್ರಾವಕನು ಹಿಂಸೆಗೆ ಅನುಮೋದನೆ ಕೊಟ್ಟಂತಾಗದೆ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವದ ಜೀವಾಧಿಕರಣವನ್ನು 108 ಬಗೆಯಾಗಿ ಎಣಿಸುತ್ತದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡುವವನನ್ನು ಒಪ್ಪಿದ್ದು, ಈ ಮೂರೂ ಆ ಎಣಿಕೆಯಲ್ಲಿ ಸೇರಿವೆ. ಕೃತ, ಕಾರಿತ, ಅನುಮೋದಿತಗಳ ಈ ಸೂಕ್ಷ್ಮ ಲೆಕ್ಕವನ್ನು ಬಾಲ್ಯದಿಂದ ಕೇಳಿ ಬೆಳೆದವನು ಹೀಗೆ ಸಂಕೋಚಪಡುವುದು ಹಾಸ್ಯಾಸ್ಪದವಲ್ಲ. ಸಂಕೋಚವೇ ಇಲ್ಲದವನಿಗಿಂತ ಅವನು ಉತ್ತಮನು.

ಆದರೂ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಬೇಸಗೆಯಲ್ಲಿ ದಾರಿಬದಿಗೆ ಅರವಟ್ಟಿಗೆ ಇಡುವ ಶ್ರಾವಕನು, ನೀರು ಕುಡಿದವನು ಮನೆಗೆ ಹೋಗಿ ಏನನ್ನು ಅಡಿಗೆ ಮಾಡುತ್ತಾನೆಂದು ವಿಚಾರಿಸುವುದಿಲ್ಲ. ಔಷಧದಾನಕ್ಕಾಗಿ ನಡೆಯುವ ಆಸ್ಪತ್ರೆಯ ಬಾಗಿಲಲ್ಲಿ ರೋಗಿಯ ಆಹಾರವನ್ನು ಪರೀಕ್ಷಿಸುವವರಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಪಾತ್ರದತ್ತಿಯನ್ನು ಬೇರೆಯಾಗಿಯೂ ದಯಾದತ್ತಿಯನ್ನು ಬೇರೆಯಾಗಿಯೂ ಹೇಳುತ್ತದೆ. ಮುನಿಗಳಿಗೆ, ವ್ರತಿಗಳಿಗೆ ಕೊಡುವಾಗ ಪಾತ್ರದ ವಿಚಾರವುಂಟು. ಭಯದಲ್ಲಿ, ದುಃಖದಲ್ಲಿ ಇರುವ ಜೀವಕ್ಕೆ ಅನುಕಂಪೆಯಿಂದ ಕೊಡುವಾಗ ಆ ವಿಚಾರವಿಲ್ಲ. ಲಕ್ಷದ್ವೀಪದ ಜನ ಇಸ್ಲಾಂ ಧರ್ಮದವರು, ಟೊಕೆಲಾವಿನವರು ಕ್ರೈಸ್ತರು. ದಯಾದತ್ತಿಗೆ ಅದರಿಂದ ಯಾವ ಬಾಧಕವೂ ಇಲ್ಲ. ಇನ್ನೂ ಅತಿ ಸಂಕೋಚವುಳ್ಳವನು ತನ್ನ ದ್ರವ್ಯವನ್ನು ಶಾಲೆಯ ದೀಪಕ್ಕೆ, ಲಸಿಕೆಯನ್ನು ತಣ್ಣಗಿಡುವ ಪೆಟ್ಟಿಗೆಗೆ, ಸಿಹಿನೀರಿನ ಪಂಪಿಗೆ ಎಂದು ನಿರ್ದೇಶಿಸಬಹುದು. ಅದು ಶಾಸ್ತ್ರದಾನ, ಔಷಧದಾನಗಳ ಸಾಲಿಗೇ ಸೇರುತ್ತದೆ. ಬಲೆಯನ್ನು ಕೊಡುವುದು ಬೇರೆ, ಬೆಳಕನ್ನು ಕೊಡುವುದು ಬೇರೆ. ಬಲೆಗೆ ಒಂದೇ ಉಪಯೋಗ. ಬೆಳಕಿನಲ್ಲಿ ಮಗು ಓದೀತು, ಮುದುಕಿ ಪ್ರಾರ್ಥಿಸೀತು, ಬೆಸ್ತನು ಬಲೆಯನ್ನೂ ಹೆಣೆದಾನು. ಪಡೆದವನು ತನ್ನ ಸ್ವಂತ ಇಚ್ಛೆಯಿಂದ ಮಾಡಿದ್ದರ ಭಾರವು ಮುಖ್ಯವಾಗಿ ಅವನದೇ.

ವಿಚಿತ್ರವೆಂದರೆ, ಪಡೆದವನು ಏನು ಮಾಡುತ್ತಾನೆಂದು ಇಷ್ಟು ಚಿಂತಿಸುವ ದಾನಿಯು, ತಾನು ಕೊಟ್ಟ ವಸ್ತುವೇ ಏನು ಮಾಡುತ್ತದೆಂದು ಚಿಂತಿಸುವುದು ಅಪರೂಪ. ಶೀತಪೆಟ್ಟಿಗೆಯ ಮೀನು ಅವನ ಕೃತ್ಯವಲ್ಲ. ಬ್ಯಾಟರಿಯ ಸೀಸ ಅವನ ಕೃತ್ಯ.

ಇದನ್ನು ತಿಳಿಯಲು ಇನ್ನೊಂದು ದ್ವೀಪರಾಷ್ಟ್ರದ ಅನುಭವವನ್ನು ನೋಡಬೇಕು. ಅದರ ಹೆಸರನ್ನು ಬರೆಯುವುದು ಕಿರಿಬಾಟಿ ಎಂದು, ಅಲ್ಲಿಯವರು ಉಚ್ಚರಿಸುವುದು ಕಿರಿಬಾಸ್ ಎಂದು. ಭೂಮಧ್ಯರೇಖೆಯ ಎರಡೂ ಬದಿಗೆ ಚೆದುರಿದ 33 ದ್ವೀಪಗಳ ಆ ನಾಡು 1979ರಲ್ಲಿ ಸ್ವತಂತ್ರವಾಯಿತು. 1984ರಲ್ಲಿ ಅಲ್ಲಿ ಸೌರಶಕ್ತಿಗಾಗಿಯೇ ಒಂದು ಕಂಪೆನಿ ಸ್ಥಾಪಿತವಾಯಿತು. ವಿದೇಶಿ ನೆರವೂ ದೊರೆಯಿತು. ಹೊರದ್ವೀಪಗಳ ಮನೆಗಳಿಗೆ ಫಲಕ, ಬ್ಯಾಟರಿ, ದೀಪಗಳನ್ನು ಮಾರಲಾಯಿತು. ಕೊಂಡವನೇ ಒಡೆಯ, ಅವನೇ ನೋಡಿಕೊಳ್ಳಬೇಕು. ಕೆಲವು ವರ್ಷಗಳ ನಂತರ, 1990ರ ದಶಕದ ಆದಿಯಲ್ಲಿ, ಪರಿಶೀಲಿಸಿದಾಗ ಆ ದೀಪಗಳಲ್ಲಿ ಬಹುಪಾಲು ಕೆಟ್ಟುಹೋಗಿದ್ದವು ಅಥವಾ ಕುಂಟುತ್ತಿದ್ದವು. ಕಾರಣಗಳು ಅದ್ಭುತವಾದವೇನೂ ಅಲ್ಲ. ತಂತಿ ತೆಳುವಾಯಿತು. ಸೋತ ಬ್ಯಾಟರಿಯ ಜಾಗಕ್ಕೆ, ಈ ಕೆಲಸಕ್ಕೆ ಒಗ್ಗದ ಇನ್ನಾವುದೋ ಬ್ಯಾಟರಿ ಬಂದಿತು. ಬ್ಯಾಟರಿಯನ್ನು ಅತಿಬಳಕೆಯಿಂದ ಕಾಯುವ ನಿಯಂತ್ರಕವನ್ನು ತಪ್ಪಿಸಿ ನೇರವಾಗಿ ತಂತಿ ಎಳೆದುಕೊಂಡದ್ದೂ ಉಂಟು. ಫಲಕಗಳು ಮಾತ್ರ ಚೆನ್ನಾಗಿಯೇ ಇದ್ದವು. ಬಿಸಿಲೂ ಇತ್ತು.

ಇಂತಹ ವೈಫಲ್ಯವನ್ನು ಕೇಳಿದವರು ಕೂಡಲೇ, ‘ಆ ಜನರಿಗೆ ತಿಳಿವಳಿಕೆ ಸಾಲದು’ ಎನ್ನುತ್ತಾರೆ. ಅದು ಅನ್ಯಾಯದ ಮಾತು. ದಾನದ ವಿಶೇಷತೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷತೆಯಿಂದ ಬರುತ್ತದೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ದಾನ ವಿಫಲವಾದಾಗ ಲೋಕವು ಪರೀಕ್ಷಿಸುವುದು ನಾಲ್ಕನೆಯದಾದ ಪಾತ್ರವನ್ನು ಮಾತ್ರ. ದ್ರವ್ಯವು ಆ ಉಪ್ಪುಗಾಳಿಗೆ ತಕ್ಕುದಾಗಿತ್ತೆ, ಕೊಟ್ಟ ವಿಧಿಯಲ್ಲಿ ಮುಂದಿನ ವರ್ಷಗಳ ವ್ಯವಸ್ಥೆ ಇತ್ತೆ, ದಾತೃವಿಗೆ ಬೆಳಕಿನ ಮೇಲೆ ಆಸಕ್ತಿ ಇತ್ತೆ ಅಥವಾ ಉದ್ಘಾಟನೆಯ ಭಾವಚಿತ್ರದ ಮೇಲೆ ಇತ್ತೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವವರೇ ಇಲ್ಲ.

ಕಿರಿಬಾಟಿಯವರು ಪಾಠ ಕಲಿತರು ಎಂಬುದನ್ನು ಹೇಳದೆ ಬಿಡಬಾರದು. ಕಂಪೆನಿಯು ಮಾರುವುದನ್ನು ಬಿಟ್ಟು ಸೇವೆಗೆ ತಿರುಗಿತು. ಫಲಕವೂ ಬ್ಯಾಟರಿಯೂ ಕಂಪೆನಿಯವು. ಮನೆಯವರು ತಿಂಗಳಿಗೆ ಗೊತ್ತಾದ ಶುಲ್ಕ ಕೊಡುವರು. ದ್ವೀಪದಲ್ಲಿಯೇ ವಾಸಿಸುವ ತರಬೇತಾದ ಕೆಲಸಗಾರನು ತಿಂಗಳಿಗೊಮ್ಮೆ ಬಂದು ಬ್ಯಾಟರಿಯ ನೀರು, ತಂತಿಯ ತುಕ್ಕು ಎಲ್ಲವನ್ನೂ ನೋಡಿ ಹೋಗುವನು. 1992ರಲ್ಲಿ ಜಪಾನಿನ ನೆರವಿನಿಂದ ಉತ್ತರ ತರಾವಾದಲ್ಲಿ ಆರಂಭವಾದ ಈ ಕ್ರಮವನ್ನು ಮುಂದೆ ಐರೋಪ್ಯ ಒಕ್ಕೂಟದ ನೆರವಿನಿಂದ ಇತರ ದ್ವೀಪಗಳಿಗೂ ವಿಸ್ತರಿಸಲಾಯಿತು. ಬಂಗಾಳದ ಸುಂದರಬನದಲ್ಲಿ, ಗಂಗಾಸಾಗರ ಮೇಳದಿಂದ ಪ್ರಸಿದ್ಧವಾದ ಸಾಗರದ್ವೀಪದಲ್ಲಿಯೂ ಇಂತಹದೇ ಪ್ರಯತ್ನ ನಡೆಯಿತು. 1996ರಲ್ಲಿ ಕಮಲಪುರವೆಂಬ ಹಳ್ಳಿಯಲ್ಲಿ 26 ಕಿಲೋವಾಟ್ ಸಾಮರ್ಥ್ಯದ ಸೌರಸ್ಥಾವರ ಸ್ಥಾಪಿತವಾಗಿ, ಸಂಜೆಯ ಕೆಲವು ಗಂಟೆಗಳ ಕಾಲ ಮನೆಗಳಿಗೆ ವಿದ್ಯುತ್ತು ದೊರೆಯಿತು. ಜನರು ತಿಂಗಳ ಹಣವನ್ನು ಕಟ್ಟಿದರು. ಮುಂದೆ ಮುಖ್ಯ ಭೂಮಿಯ ತಂತಿ ನದಿಯನ್ನು ದಾಟಿ ಆ ದ್ವೀಪವನ್ನು ತಲುಪಿತು. ಅಷ್ಟು ವರ್ಷ ಅಲ್ಲಿನ ಅಂಗಡಿಗಳಿಗೂ ಓದುವ ಮಕ್ಕಳಿಗೂ ಬೆಳಕು ದೊರೆತದ್ದು ಸಣ್ಣ ಸಂಗತಿಯಲ್ಲ.

‘ಬಡವರಿಂದ ಹಣ ವಸೂಲು ಮಾಡಿದರೆ ಅದು ದಾನ ಹೇಗಾದೀತು?’ ಎಂಬ ಆಕ್ಷೇಪ ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರ ಕರ್ನಾಟಕದಲ್ಲಿಯೇ ಇದೆ, ಅದೂ ಒಂದು ದ್ವೀಪದ ಮಾರ್ಗವಾಗಿ ಬಂದುದು. ಮುಂದೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ವಿದ್ಯಾರ್ಥಿಯಾಗಿದ್ದಾಗ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ, ಅಲ್ಲಿನ ಬಡ ಕುಟುಂಬಗಳು ಹಣ ತೆತ್ತು ಸೌರದೀಪವನ್ನು ಬಳಸುವುದನ್ನು ಕಂಡರು. ಅವರು 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯ ಸ್ಥಾಪನೆಯಲ್ಲಿ ಭಾಗಿಯಾದಾಗ ಅದರ ಪದ್ಧತಿಯನ್ನು ಆ ಅನುಭವದ ಮೇಲೆಯೇ ಕಟ್ಟಿದರು: ಬ್ಯಾಂಕಿನಿಂದ ಸಾಲ, ಸಣ್ಣ ಕಂತು, ಕರೆದರೆ ಬರುವಷ್ಟು ಹತ್ತಿರದಲ್ಲಿ ದುರಸ್ತಿಗಾರ. ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಇಂತಹ ದೀಪಗಳಿಗೆ ಸಾಲದ ವ್ಯವಸ್ಥೆ ಮಾಡಿದೆ. ಸೀಮೆಎಣ್ಣೆಗೆ ಹೇಗೂ ಹಣ ಕೊಡುತ್ತಿದ್ದ ಮನೆಯವನು ಅದೇ ಹಣವನ್ನು ಬೆಳಕಿಗೆ ಕೊಟ್ಟರೆ ಅವನ ಮಾನ ಉಳಿಯುತ್ತದೆ, ದೀಪವೂ ಉಳಿಯುತ್ತದೆ. ದೀಪ ಆರಿದಾಗ ಬಂದು ಕೇಳುವ ಹಕ್ಕು ಅವನಿಗೆ ಹುಟ್ಟುತ್ತದೆ. ದಾನ ಪಡೆದವನಿಗೆ ಆ ಹಕ್ಕಿಲ್ಲ; ಪುಕ್ಕಟೆ ಕೊಟ್ಟದ್ದಕ್ಕೆ ದೂರೇ ಎಂಬ ಮಾತನ್ನು ಕೇಳಲು ಯಾರಿಗೂ ಇಷ್ಟವಿಲ್ಲ.

ಹಾಗಾದರೆ ಎಲ್ಲವನ್ನೂ ದ್ವೀಪದವರೇ ಭರಿಸಲಿ ಎನ್ನಬಹುದೆ? ಅದೂ ಸರಿಯಲ್ಲ. ತಿಂಗಳ ಶುಲ್ಕದಿಂದ ಕೆಲಸಗಾರನ ಸಂಬಳ, ತಂತಿ, ದೀಪಗಳ ಖರ್ಚು ನಡೆದೀತು. ಬ್ಯಾಟರಿಯ ಸಮೂಹವನ್ನೇ ಬದಲಾಯಿಸುವ ದಿನ ಬಂದಾಗ ಆ ಶುಲ್ಕ ಸಾಲದು. ವ್ಯಾಪಾರಸ್ಥರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಉದಾಹರಣೆಗೆ ಆರು ಲಕ್ಷ ರೂಪಾಯಿಯ ಬ್ಯಾಟರಿಗಳು ಆರು ವರ್ಷ ಬಾಳುವವು ಎಂದಿಟ್ಟುಕೊಂಡರೆ, ಮೊದಲ ದಿನದಿಂದಲೇ ವರ್ಷಕ್ಕೆ ಒಂದು ಲಕ್ಷ ಸವೆಯುತ್ತದೆ. ಅಂಗಡಿಯ ಲೆಕ್ಕದಲ್ಲಿ ಈ ಸವಕಳಿಯನ್ನು ಬರೆಯದಿದ್ದರೆ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ; ಬರೆಯದೆ ತೋರಿಸಿದ ಲಾಭವು ಲಾಭವೇ ಅಲ್ಲ. ಧರ್ಮದ ಲೆಕ್ಕದಲ್ಲಿ ಮಾತ್ರ ಆರು ಲಕ್ಷವನ್ನೂ ಮೊದಲ ದಿನವೇ ಪುಣ್ಯವೆಂದು ಜಮಾ ಮಾಡಿಕೊಂಡು ಪುಸ್ತಕ ಮುಚ್ಚುವ ರೂಢಿ ಬೆಳೆದಿದೆ. ಹಳೆಯ ಕಾಲದ ದೀಪದಲ್ಲಿ ಎಣ್ಣೆ ತೀರುತ್ತಿತ್ತು, ಹಣತೆ ಉಳಿಯುತ್ತಿತ್ತು; ಆದ್ದರಿಂದ ದಾನಿಗಳು ಎಣ್ಣೆಗೆ ದತ್ತಿ ಬಿಟ್ಟರು. ಸೌರದೀಪದಲ್ಲಿ ಎಣ್ಣೆ ತೀರದು, ಹಣತೆಯೇ ಸವೆಯುತ್ತದೆ. ಫಲಕವು ಇಪ್ಪತ್ತೈದು ವರ್ಷ ಬಾಳಬಹುದು. ಸೀಸದ ಬ್ಯಾಟರಿಯು ಉಷ್ಣದೇಶದಲ್ಲಿ, ಚೆನ್ನಾಗಿ ನೋಡಿಕೊಂಡರೂ, ಐದರಿಂದ ಎಂಟು ವರ್ಷ. ಲಿಥಿಯಂ ಬ್ಯಾಟರಿ ಇನ್ನಷ್ಟು ಹೆಚ್ಚು. ನಂದಾದೀವಿಗೆಯ ದತ್ತಿಯನ್ನು ಇಂದು ಬಿಡುವವನು ಹಣತೆಗೆ ಬಿಡಬೇಕು.

ಈ ಭಾರವನ್ನು ದ್ವೀಪದವರ ಮೇಲೆಯೇ ಹೊರಿಸಲಾಗದು ಎನ್ನಲು ಇನ್ನೂ ಒಂದು ಕಾರಣವಿದೆ. ಕಡಲ ಮಟ್ಟ ಏರುತ್ತಿರುವುದು ಟೊಕೆಲಾವಿನ ಡೀಸೆಲಿನಿಂದಲ್ಲ. ದೊಡ್ಡ ಭೂಖಂಡಗಳ ನಗರಗಳು, ಕಾರ್ಖಾನೆಗಳು, ಲಾರಿಗಳು, ಹಡಗುಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆಯ ಫಲವದು. ಆ ಸುಡುವಿಕೆಯಿಂದ ಲಾಭ ಪಡೆದ ವರ್ತಕವರ್ಗವೂ ಕೃತ-ಕಾರಿತ-ಅನುಮೋದಿತಗಳ ಪಟ್ಟಿಯಲ್ಲಿ ಎಲ್ಲಿಯೋ ನಿಂತಿದೆ. ಇದನ್ನು ಒಪ್ಪಿದರೆ, ಸೌರದೀಪವನ್ನು ಕೊಡುವುದು ಒಂದು ಅಂಶದಲ್ಲಿ ದಾನ, ಇನ್ನೊಂದು ಅಂಶದಲ್ಲಿ ಸಾಲದ ಮರುಪಾವತಿ. ಸಾಲ ತೀರಿಸುವವನಿಗೆ ಹೆಸರಿನ ಫಲಕವನ್ನು ಯಾರೂ ಹಾಕುವುದಿಲ್ಲ.

ಇನ್ನು ಸತ್ತ ಬ್ಯಾಟರಿಯ ವಿಷಯ. ಹವಳದ್ವೀಪದ ಕೆಳಗೆ ಮಳೆಯ ಸಿಹಿನೀರು ತೆಳುವಾದ ಪದರವಾಗಿ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬಾವಿಯ ನೀರೆಂದರೆ ಅದೇ. ನೆಲವು ಮರಳು ಮತ್ತು ಹವಳದ ಚೂರು. ಮೇಲೆ ಚೆಲ್ಲಿದ್ದು ಬೇಗನೆ ಕೆಳಗಿಳಿಯುತ್ತದೆ. ಅಂತಹ ನೆಲದ ಮೇಲೆ ಒಡೆದ ಬ್ಯಾಟರಿಯಿಂದ ಗಂಧಕಾಮ್ಲ ಸುರಿದರೆ, ಸೀಸದ ಪುಡಿ ಉದುರಿದರೆ, ಅದು ಸೇರುವುದು ಮಕ್ಕಳು ಕುಡಿಯುವ ನೀರಿಗೆ. ಸೀಸವು ಮಕ್ಕಳ ಬುದ್ಧಿಯನ್ನೇ ಕುಂದಿಸುವ ವಿಷ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ಕೊಲ್ಲುವ ಸಾಧನಗಳನ್ನು ಇತರರಿಗೆ ಕೊಡುವುದನ್ನು ಹಿಂಸಾದಾನವೆಂದೂ, ನೆಲ ನೀರು ಬೆಂಕಿ ಗಾಳಿಗಳನ್ನು ಅಜಾಗರೂಕತೆಯಿಂದ ಕೆಡಿಸುವುದನ್ನು ಪ್ರಮಾದಚರ್ಯೆಯೆಂದೂ ಗಣಿಸಿದ್ದಾರೆ. ವಾಪಸು ಕೊಂಡೊಯ್ಯುವ ಏರ್ಪಾಡಿಲ್ಲದೆ ಸೀಸದ ಬ್ಯಾಟರಿಗಳನ್ನು ದ್ವೀಪಕ್ಕೆ ಇಳಿಸುವುದು ಪ್ರಮಾದಚರ್ಯೆ ಎಂಬುದರಲ್ಲಿ ಅನುಮಾನವಿಲ್ಲ. ತಿಳಿದೂ ಹಾಗೆ ಮಾಡಿದರೆ ಅದನ್ನು ಹಿಂಸಾದಾನವೆನ್ನಲು ಹಿಂಜರಿಯಬೇಕಾಗಿಲ್ಲ. ಬೆಳಕೆಂದು ಹೆಸರಿಟ್ಟ ಮಾತ್ರಕ್ಕೆ ಅದು ಬೇರೆಯಾಗದು. ಸಮಾಧಾನದ ಸಂಗತಿಯೆಂದರೆ ಸೀಸಕ್ಕೆ ಬೆಲೆಯಿದೆ. ಹಳೆಯ ಬ್ಯಾಟರಿಯನ್ನು ಕೊಳ್ಳುವವರು ಪೇಟೆಯಲ್ಲಿದ್ದಾರೆ. ಅದನ್ನು ಸರಿಯಾಗಿ ಕರಗಿಸುವ ಪರವಾನಗಿ ಪಡೆದವರೂ ಇದ್ದಾರೆ, ಹಿತ್ತಲಿನಲ್ಲಿ ಒಡೆಯುವವರೂ ಇದ್ದಾರೆ. ಯಾರಿಗೆ ಕೊಡಬೇಕೆಂಬುದು ದಾನಿಯೇ ವಿಚಾರಿಸಬೇಕಾದ ಮಾತು.

ಬೇಡಿಕೆಯ ಮಿತಿಯ ಕುರಿತು ಒಂದೆರಡು ಮಾತು ಹೇಳಬೇಕು. ಬ್ಯಾಟರಿಯಿಂದ ನಡೆಯುವ ಊರಿನಲ್ಲಿ ಹಗಲು ಗಳಿಸಿದಷ್ಟನ್ನೇ ಇರುಳು ವ್ಯಯಿಸಬೇಕು. ಒಬ್ಬ ಮನೆಯವನು ಮಿತಿ ಮೀರಿದರೆ ನೆರೆಯವನ ದೀಪ ಮಂಕಾಗುತ್ತದೆ. ಭೋಗೋಪಭೋಗ ಪರಿಮಾಣ ವ್ರತವನ್ನು ಯಂತ್ರವೇ ಊರಿಗೆಲ್ಲ ವಿಧಿಸಿದಂತೆ ಇದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಜೈನ ಮನೆತನಗಳಿಗೆ ಸೂರ್ಯನ ಲೆಕ್ಕದಲ್ಲಿ ಬದುಕುವುದು ಹೊಸದಲ್ಲ. ಆದರೆ ವ್ರತವೆಂಬುದು ತಾನಾಗಿ ಕೈಗೊಂಡಾಗ ಮಾತ್ರ ವ್ರತ. ಇನ್ನೊಬ್ಬನು ಹೇರಿದರೆ ಅದು ಕೊರತೆ. ಟೊಕೆಲಾವಿನವರು ಶೀತಪೆಟ್ಟಿಗೆ ಕೊಂಡರೆಂದು ಟೀಕಿಸುವ ನಗರವಾಸಿಯ ಮನೆಯಲ್ಲಿ ಎಷ್ಟು ಯಂತ್ರಗಳು ತಂಪು ಗಾಳಿ ಬೀಸುತ್ತಿವೆ? ಧರ್ಮಸಂಸ್ಥೆಗಳೂ ಈ ಪ್ರಶ್ನೆಯಿಂದ ಹೊರಗಿಲ್ಲ. ಪಂಚಕಲ್ಯಾಣದ ಸಂದರ್ಭದಲ್ಲಿ ಬೀದಿಯುದ್ದಕ್ಕೂ ಬೆಳಗಿನವರೆಗೆ ಉರಿಯುವ ದೀಪಾಲಂಕಾರ, ಅದಕ್ಕೆ ಮುತ್ತಿ ಸಾಯುವ ಹುಳುಗಳ ರಾಶಿ, ಪಕ್ಕದಲ್ಲಿ ಗುಡುಗುವ ಡೀಸೆಲ್ ಜನರೇಟರ್, ಇವುಗಳ ನಡುವೆ ನಿಂತು ದೂರದ ದ್ವೀಪಕ್ಕೆ ಮಿತವ್ಯಯವನ್ನು ಬೋಧಿಸುವುದು ಶೋಭಿಸದು. ಮಿತಿಯನ್ನು ಕೊಡುವವನು ಮೊದಲು ತನ್ನ ಮನೆಯಲ್ಲಿ ಇಟ್ಟುಕೊಂಡಿರಬೇಕು.

ಟ್ರಸ್ಟುಗಳ ಕಾರ್ಯಕಾರಿ ಸಮಿತಿಗಳು ದ್ವೀಪಕ್ಕೋ ಗುಡ್ಡದ ಹಾಡಿಗೋ ಸೌರದೀಪವನ್ನು ಕೊಡಲು ಠರಾವು ಮಾಡುವಾಗ ಸಾಮಾನ್ಯವಾಗಿ ಮೊತ್ತ, ದಾನಿಯ ಹೆಸರು, ಉದ್ಘಾಟನೆಯ ದಿನಾಂಕ ಇವನ್ನು ಬರೆಯುತ್ತವೆ. ಅದೇ ಠರಾವಿನಲ್ಲಿ, ಮೊತ್ತದ ಎಷ್ಟು ಪಾಲು ಠೇವಣಿಯಾಗಿ ಉಳಿಯುತ್ತದೆ, ಅದರ ಬಡ್ಡಿಯನ್ನು ಯಾರು ತೆಗೆಯಬಹುದು, ಸ್ಥಳದಲ್ಲಿಯೇ ಇರುವ ಯಾವ ವ್ಯಕ್ತಿಗೆ ತರಬೇತಿ ಕೊಡಲಾಗುತ್ತದೆ, ಎಷ್ಟನೆಯ ವರ್ಷ ಬ್ಯಾಟರಿ ಬದಲಾಗಬೇಕು, ಹಳೆಯದು ಯಾರ ಖರ್ಚಿನಲ್ಲಿ ಹಿಂದೆ ಬರುತ್ತದೆ ಎಂಬುದನ್ನೂ ಬರೆದರೆ ಒಂದು ಪುಟ ಹೆಚ್ಚಾದೀತು. ಕೆಲವು ಯೋಜನೆಗಳು ಈ ಪುಟವನ್ನು ಬರೆಯಲು ಕುಳಿತಾಗಲೇ ಕೈಬಿಟ್ಟುಹೋಗಬಹುದು. ನೂರು ದೀಪ ಕೊಡಲು ಹೊರಟವರು ನಲವತ್ತಕ್ಕೆ ಇಳಿಯಬಹುದು. ಆ ನಲವತ್ತು ಹತ್ತು ವರ್ಷ ಉರಿದರೆ ಅವೇ ಹೆಚ್ಚು.

ಬಿಟ್ರಾ ದ್ವೀಪದಲ್ಲಿ 2011ರ ಜನಗಣತಿಯಲ್ಲಿ ಎಣಿಕೆಯಾದವರು 271 ಜನ. ಅಷ್ಟು ಚಿಕ್ಕ ಊರಿನ ಬ್ಯಾಟರಿಗಳನ್ನು ಬದಲಾಯಿಸಲು ಬೇಕಾಗುವ ಹಣ ದೊಡ್ಡ ಪೇಟೆಯ ಒಂದು ಮದುವೆಯ ಖರ್ಚಿಗಿಂತ ಹೆಚ್ಚೇನೂ ಆಗಲಾರದು. ಆದರೆ ಹೊಸ ಬ್ಯಾಟರಿ ಅಲ್ಲಿ ಇಳಿದು ಹಳೆಯದು ಅದೇ ಹಡಗನ್ನು ಹತ್ತಬೇಕಾದರೆ, ಮುಂಗಾರು ಕೆರಳುವ ಮೊದಲು, ಮೇ ತಿಂಗಳ ನಡುವಿನೊಳಗೆ, ಹಣವೂ ಹಡಗೂ ಸಿದ್ಧವಿರಬೇಕು.